ಸೊನ್ನೆ ಸೆಕೆಂಡು

ಮಳೆ ನಿಲ್ಲುವ ಲಕ್ಷಣವೇ ಇರಲಿಲ್ಲ. ಟೈಲರಮ್ಮನ ಅಂಗಡಿಯ ಮೇಲಿನ ಕೋಣೆಯ ತಗಡಿನ ಮಾಡು ಬೆಳಗಿನಿಂದ ಒಂದೇ ಸಮನೆ ಹೊಡೆಸಿಕೊಳ್ಳುತ್ತಿತ್ತು. ಮಧ್ಯಾಹ್ನ ಎರಡು ಗಂಟೆಗೇ ದೀಪ ಹಾಕಿಕೊಂಡು ಕೂರುವಷ್ಟು ಕತ್ತಲು. ಶನಿವಾರದ ನಮ್ಮ ಓದುಕೂಟಕ್ಕೆ ಹದಿನೈದು ಇಪ್ಪತ್ತು ಜನ ಸೇರುವುದು ರೂಢಿ. ಅಂದು ಬಂದವರು ಐದೇ ಜನ. ಕೋಣೆ ಕೊಟ್ಟ ಟೈಲರಮ್ಮ, ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಬಂದಿದ್ದ ನರ್ಸಕ್ಕ, ಮುಷ್ಕರಕ್ಕೆ ಹೋಗಿ ಕೆಲಸ ಕಳೆದುಕೊಂಡ ಮೇಷ್ಟ್ರು, ಲೇತ್ ಯಂತ್ರದಲ್ಲಿ ದುಡಿಯುವ, ನಾವೆಲ್ಲ ‘ಉದ್ದ’ ಎಂದೇ ಕರೆಯುವ ಕೆಲಸಗಾರ, ಮತ್ತು ಅಚ್ಚುಮನೆಯಲ್ಲಿ ಕರಡು ತಿದ್ದುವ ನಾನು. ನಮ್ಮನ್ನು ಬಿಟ್ಟರೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ತೊಟ್ಟಿಕ್ಕುವ ಕೊಡೆಯನ್ನು ಮೊಣಕಾಲಿಗೆ ಒರಗಿಸಿಕೊಂಡು ಬಿಲ್ಲಜ್ಜ.

ಬಿಲ್ಲಜ್ಜ ಟೆಲಿಫೋನ್ ಆಫೀಸಿನ ಬಿಲ್ಲಿಂಗ್ ವಿಭಾಗದಲ್ಲಿದ್ದು ನಿವೃತ್ತರಾದವರು. ಎರಡು ವರ್ಷದಿಂದ ಕೂಟಕ್ಕೆ ಬರುತ್ತಿದ್ದರು, ಒಂದು ದಿನವೂ ಬಾಯಿ ಬಿಟ್ಟವರಲ್ಲ. ಟೀ ಬೇಕಾ ಎಂದರೆ ತಲೆಯಾಡಿಸುತ್ತಿದ್ದರು, ಬೇಡವಾದರೂ ತಲೆಯಾಡಿಸುತ್ತಿದ್ದರು. ಯಾವ ಆಡಿಸುವಿಕೆ ಯಾವುದಕ್ಕೆ ಎಂದು ಟೈಲರಮ್ಮನಿಗೆ ಮಾತ್ರ ತಿಳಿಯುತ್ತಿತ್ತು.

ಅಂದು ನಾವು ಓದುತ್ತಿದ್ದದ್ದು ಒಂದು ವಿಚಾರಣಾ ವರದಿ. ಹಿಂದಿನ ವರ್ಷ ಬಣ್ಣದ ಗೋದಾಮೊಂದು ಹೊತ್ತಿಕೊಂಡು ಇಬ್ಬರು ಹಮಾಲರು ಒಳಗೇ ಸತ್ತಿದ್ದರು. ಅವರ ಸಾವಿಗೆ ಅವರೇ ಹೊಣೆ ಎಂದು ಹೇಳಲು ಸರ್ಕಾರ ನೂರಾ ನಲವತ್ತು ಪುಟ ಖರ್ಚು ಮಾಡಿತ್ತು. ಮೇಷ್ಟ್ರು ಗಟ್ಟಿಯಾಗಿ ಓದುತ್ತ ಒಂದು ಸಾಲಿಗೆ ಬಂದರು: “ಒಳಗಿದ್ದವರು ಸಹಾಯಕ್ಕಾಗಿ ದೂರವಾಣಿ ಕರೆ ಮಾಡಿದ ಬಗ್ಗೆ ಯಾವುದೇ ದಾಖಲೆ ಲಭ್ಯವಿಲ್ಲ.”

ಎಂಥ ಸೊಗಸಾದ ಸಾಲು! ಯಾರು ಹುಡುಕಿದರು, ಎಲ್ಲಿ ಹುಡುಕಿದರು, ಹುಡುಕಿದರೋ ಇಲ್ಲವೋ, ಒಂದೂ ಇಲ್ಲ. ಇಂಥ ಸಾಲುಗಳನ್ನು ತಿದ್ದಿ ತಿದ್ದಿ ನನ್ನ ಕಣ್ಣು ಹೋಗಿದೆ. ರಕ್ತ ಒರೆಸಿದ ಬಟ್ಟೆಯನ್ನು ಇಸ್ತ್ರಿ ಮಾಡಿ ಮಡಚಿಟ್ಟಂತಿರುತ್ತವೆ.

“ಆ ಸಾಲು ಇನ್ನೊಂದ್ಸಲ ಓದಿ ಮೇಷ್ಟ್ರೇ,” ಎಂದಿತು ಬಾಗಿಲ ಕಡೆಯ ದನಿ.

ನಾವೆಲ್ಲ ತಿರುಗಿದೆವು. ಮೇಷ್ಟ್ರು ಮತ್ತೊಮ್ಮೆ ಓದಿದರು.

“ಅದನ್ನ ಬರೆದೋನು ನಾನು,” ಎಂದರು ಬಿಲ್ಲಜ್ಜ.

ಉದ್ದ ನಕ್ಕುಬಿಟ್ಟ. “ಅಜ್ಜಾ, ಇದು ಹೋದ ವರ್ಷದ ಬೆಂಕಿ. ನೀವು ರಿಟೈರಾಗಿ ಯಾವ ಕಾಲ ಆಯ್ತು!”

“ಹೌದಪ್ಪ. ನಾನು ಬರೆದು ಮೂವತ್ತೊಂದು ವರ್ಷ ಆಯ್ತು. ಈಗಿನೋರು ಅದನ್ನೇ ನೋಡ್ಕೊಂಡು ಬರೀತಿದಾರೆ.” ಅವರು ಸ್ಟೂಲನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡರು. ಅಂಗಿಯ ಜೇಬಿನಲ್ಲಿದ್ದ ಒಂದು ಲಕೋಟೆಯನ್ನು ಮುಟ್ಟಿ ನೋಡಿಕೊಂಡರು, ಆದರೆ ತೆಗೆಯಲಿಲ್ಲ. ಹೊರಗೆ ಮಳೆ ಇನ್ನಷ್ಟು ಬಿರುಸಾಯಿತು. ಎದ್ದು ಹೋಗುವವರಿಗೆ ದಾರಿಯೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

“ಕೇಳ್ರಪ್ಪಾ... ದೆವ್ವದ ಕತೆ ಇದು. ಆದ್ರೆ ಮೊದಲು ನಿಮಗೆ ಒಂದು ಸಾಲು ಓದೋದು ಕಲಿಸ್ತೀನಿ. ಹೆದರಬೇಡಿ, ಪರೀಕ್ಷೆ ಇಲ್ಲ.

ನೀವು ಯಾರಿಗಾದ್ರೂ ಒಂದು ಫೋನ್ ಮಾಡಿದ್ರೆ, ಅವರು ಎತ್ತಲಿ ಬಿಡಲಿ, ಟೆಲಿಫೋನ್ ಆಫೀಸಿನ ಯಂತ್ರ ಒಂದು ಸಾಲು ಬರೆದಿಡ್ತದೆ. ಒಂದು ಕರೆಗೆ ಒಂದು ಸಾಲು. ಆ ಸಾಲು ತುಂಬ ಕಾಲಂಗಳು. ಮೊದಲನೇದು, ಯಾರು ಮಾಡಿದ್ದು. ಎರಡನೇದು, ಯಾರಿಗೆ. ಆಮೇಲೆ ಎಷ್ಟು ಹೊತ್ತಿಗೆ ಗಂಟೆ ಹೊಡೀತು, ಎಷ್ಟು ಹೊತ್ತಿಗೆ ಎತ್ತಿದ್ರು, ಎಷ್ಟು ಹೊತ್ತಿಗೆ ಇಟ್ರು, ಮಾತಾಡಿದ್ದು ಎಷ್ಟು ಸೆಕೆಂಡು... ಅದಾದ ಮೇಲೆ ಒಂದು ಪುಟಾಣಿ ಕಾಲಂ, ಎರಡೇ ಅಂಕಿ. ಕರೆ ಯಾಕೆ ಮುಗೀತು ಅನ್ನೋದಕ್ಕೆ. ಹದಿನಾರು ಅಂತಿದ್ರೆ ಮಾತಾಡಿ ನೆಮ್ಮದಿಯಾಗಿ ಇಟ್ರು ಅಂತ. ಹದಿನೇಳು ಅಂದ್ರೆ ಆ ಕಡೆಯೋರು ಬೇರೆಯೋರ ಜೊತೆ ಮಾತಾಡ್ತಿದ್ರು ಅಂತ. ಹೀಗೇ. ಒಟ್ಟು ಇಪ್ಪತ್ತಮೂರು ಕಾಲಂ. ಮನುಷ್ಯರು ಒಬ್ಬರನ್ನೊಬ್ಬರು ಕೂಗೋದು, ಓಗೊಡೋದು, ಓಗೊಡದೇ ಇರೋದು, ಎಲ್ಲ ಆ ಇಪ್ಪತ್ತಮೂರರೊಳಗೆ ಕೂತುಬಿಡ್ತದೆ.

ಆಗಷ್ಟೇ ನಮ್ಮ ಆಫೀಸಿಗೆ ಬಿಲ್ ಮಾಡೋ ಹೊಸ ಪ್ರೋಗ್ರಾಂ ಬಂದಿತ್ತು. ಅದಕ್ಕೆ ಕಣ್ಣಿಲ್ಲ, ಬುದ್ಧಿ ಇಲ್ಲ... ಯಾವ ಕಾಲಂ ಏನು ಅಂತ ನಾವೇ ಹೇಳಿಕೊಡಬೇಕು. ಮುನ್ನೂರು ಪುಟದ ಪುಸ್ತಕ ಕೊಟ್ಟಿದ್ರು. ಇಡೀ ಆಫೀಸಿನಲ್ಲಿ ಅದನ್ನ ಮೊದಲಿಂದ ಕೊನೇವರೆಗೂ ಓದಿದೋನು ನಾನೊಬ್ಬನೇ. ಗಣಪನ ಮುಂದೆ ಇಲಿ ಕೂತಂಗೆ ಆ ಯಂತ್ರದ ಮುಂದೆ ಕೂತಿರ್ತಿದ್ದೆ. ಒಂದು ದಿನ ಡಿಸ್ಕು ತುಂಬಿಹೋಗಿ ಪ್ರೋಗ್ರಾಂ ನಿಂತೋಯ್ತು. ಯಾಕೆ ತುಂಬ್ತು ಅಂತ ನೋಡಿದ್ರೆ, ಹತ್ತು ಸಾಲಿನಲ್ಲಿ ನಾಲ್ಕು ಸಾಲು ಯಾರೂ ಎತ್ತದ ಕರೆಗಳು. ಎತ್ತದ ಕರೆಗೆ ಬಿಲ್ ಉಂಟಾ? ಇಲ್ಲ. ಬಿಲ್ ಇಲ್ಲದ ಸಾಲು ಯಾಕೆ ಬೇಕು? ಒಂದೇ ಒಂದು ನಿಯಮ ಸೇರಿಸಿದೆ ನೋಡಿ... ಮಾತಾಡಿದ್ದು ಸೊನ್ನೆ ಸೆಕೆಂಡಾದ್ರೆ ಆ ಸಾಲನ್ನ ಕಸದ ಬುಟ್ಟಿಗೆ ಹಾಕು. ಬುಟ್ಟಿ ಅಂದ್ರೆ ಬಿದಿರಿಂದಲ್ಲ, ಕಂಪ್ಯೂಟರಿನೊಳಗಿಂದು. ಹದಿನಾಲ್ಕು ದಿನ ಇಟ್ಕೊಂಡು ತಾನೇ ಅಳಿಸಿಬಿಡ್ತದೆ.

ಪ್ರೋಗ್ರಾಂ ಮತ್ತೆ ಜೋರಾಗಿ ಓಡ್ತು. ನನಗೆ ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ರು. ಜೊತೆಯೋರು ‘ಸೊನ್ನೆ ಸಾಹೇಬ್ರು ಬಂದ್ರು ದಾರಿ ಬಿಡಿ’ ಅಂತ ಗೇಲಿ ಮಾಡೋರು. ಆ ಗಡಿಯಾರ ಈಗಲೂ ಮನೇಲಿದೆ. ಕತೆಗಳಲ್ಲಿ ಇಂಥ ಗಡಿಯಾರ ಯಾವುದೋ ಒಂದು ಹೊತ್ತಿಗೆ ನಿಂತು ಹೋಗ್ತದೆ, ಅಲ್ವಾ? ನಂದು ನಿಂತಿಲ್ಲ. ಚೆನ್ನಾಗೇ ನಡೀತಿದೆ. ಅದೇ ನನ್ನ ಕಷ್ಟ.”

ಅಷ್ಟರಲ್ಲಿ ಉದ್ದನ ಜೇಬಿನಲ್ಲಿ ಮೊಬೈಲು ಗುಂಯ್‌ಗುಟ್ಟಿತು. ಅವನು ತೆಗೆದು ನೋಡಿ ಹೆಬ್ಬೆರಳಿನಿಂದ ಒತ್ತಿ ಒಳಗಿಟ್ಟ.

“ಕಡಿದೆಯಾ?” ಎಂದರು ಬಿಲ್ಲಜ್ಜ.

“ಯಾವುದೋ ಗೊತ್ತಿಲ್ಲದ ನಂಬರ್ ಅಜ್ಜಾ. ನೀವು ಹೇಳಿ.”

ಅಜ್ಜ ಅವನ ಜೇಬಿನ ಕಡೆ ನೋಡಿದರು. ಆಮೇಲೆ ಮುಂದುವರಿಸಿದರು.

“ಊರಾಚೆ ಒಂದು ಚಪ್ಪಲಿ ಕಾರ್ಖಾನೆ. ಮೂರನೇ ಮಹಡಿಯಲ್ಲಿ ಅಟ್ಟೆಗೆ ಅಂಟು ಹಚ್ಚೋ ಕೋಣೆ. ಆ ಅಂಟಿದೆಯಲ್ಲ, ಬೆಂಕಿ ಅನ್ನೋ ಮಾತು ಕೇಳಿದ್ರೇ ಹೊತ್ಕೊಳ್ಳೋಂಥದ್ದು. ಅಲ್ಲಿ ಮೂರು ಜನ ಹುಡುಗೀರು. ಪಾಳಿ ಮುಗಿಯೋವರೆಗೆ ಯಾರೂ ಹೊರಗೆ ಸುಳೀಬಾರದು ಅಂತ ಹೊರಗಿನಿಂದ ಬೀಗ. ಒಳಗೆ ಒಂದು ಫೋನು. ಅದರಿಂದ ಒಂದೇ ನಂಬರಿಗೆ ಮಾಡಬಹುದು... ಪೇಟೆ ಆಫೀಸಿನಲ್ಲಿ ಕೂರೋ ಮ್ಯಾನೇಜರ್ ಮೇಜಿಗೆ. ಬೇರೆ ಯಾವ ನಂಬರೂ ಹೋಗೋ ಹಾಗಿಲ್ಲ. ಬಾಗಿಲಿಗೂ ಬೀಗ, ಫೋನಿಗೂ ಬೀಗ. ಒಂದು ದಿನ ಮಧ್ಯಾಹ್ನ ಎರಡೂ ನಲವತ್ತಕ್ಕೆ ಅಲ್ಲಿ ಬೆಂಕಿ ಹತ್ತಿತು.

ಮೂರೂ ಜನ ಬಾಗಿಲ ಹಿಂದೆಯೇ ಸಿಕ್ಕಿದ್ರು. ಹೇಗೆ ಸಿಕ್ಕಿದ್ರು ಅಂತ ನಾನು ಹೇಳೋದಿಲ್ಲ.

ಕಾರ್ಖಾನೆಯೋರು ವಿಚಾರಣೆಯಲ್ಲಿ ಏನಂದ್ರು ಗೊತ್ತಾ? ‘ಒಳಗೆ ಫೋನಿತ್ತು, ಒಂದು ಫೋನ್ ಮಾಡಿದ್ರೆ ಸಾಕಿತ್ತು, ತಕ್ಷಣ ಬಾಗಿಲು ತೆಗೆಸ್ತಿದ್ವಿ. ಮಾಡಲಿಲ್ಲ. ಕೆಲಸದ ಹೊತ್ತಲ್ಲಿ ಮಲಗಿದ್ರು. ಬೆಂಕಿಯೂ ಅವರದೇ ತಪ್ಪು.’ ಸತ್ತೋರ ಬಾಯಿಗೆ ಬೂದಿ ತುಂಬಿದ್ದಾಗಿತ್ತಲ್ಲ, ಎದುರು ಮಾತಾಡೋರು ಯಾರು? ವಿಚಾರಣೆ ಸಾಹೇಬ್ರು ನಮ್ಮ ಆಫೀಸಿಗೆ ಕಾಗದ ಬರೆದ್ರು. ಆ ನಂಬರಿನಿಂದ ಆ ಹೊತ್ತಲ್ಲಿ ಯಾವುದಾದ್ರೂ ಕರೆ ಹೋಗಿದೆಯಾ ಬಿಲ್ ನೋಡಿ ತಿಳಿಸಿ ಅಂತ. ಕಾಗದ ನನ್ನ ಮೇಜಿಗೆ ಬಂದಾಗ ಬೆಂಕಿ ಬಿದ್ದು ಹನ್ನೆರಡು ದಿನ ಆಗಿತ್ತು.

ಬಿಲ್ ನೋಡಿದೆ. ಒಂದೂ ಇಲ್ಲ. ಅಲ್ಲಿಗೆ ಬಿಟ್ಟಿದ್ರೆ ನಾನೂ ನಿಮ್ಮ ಹಾಗೆ ರಾತ್ರಿ ನಿದ್ದೆ ಮಾಡ್ತಿದ್ದೆ. ಕೈ ಸುಮ್ಮನಿರಲಿಲ್ಲ... ಬುಟ್ಟಿ ತೆಗೆದೆ. ಇತ್ತು. ಹನ್ನೊಂದು ಸಾಲು. ಎರಡೂ ನಲವತ್ತರಿಂದ ಎರಡೂ ಐವತ್ತೆಂಟರವರೆಗೆ ಹನ್ನೊಂದು ಕರೆ, ಎಲ್ಲವೂ ಮ್ಯಾನೇಜರ್ ಮೇಜಿಗೆ, ಎಲ್ಲವೂ ಸೊನ್ನೆ ಸೆಕೆಂಡು. ಆ ಪುಟಾಣಿ ಕಾಲಂ ನೋಡಿದೆ. ಮೊದಲ ಏಳರಲ್ಲಿ ಹತ್ತೊಂಬತ್ತು. ಹತ್ತೊಂಬತ್ತು ಅಂದ್ರೆ ಗಂಟೆ ಪೂರ್ತಿ ಹೊಡೀತು, ಯಾರೂ ಎತ್ತಲಿಲ್ಲ. ಸರಿ, ಕೋಣೆಯಲ್ಲಿ ಯಾರೂ ಇರಲಿಲ್ಲವೇನೋ ಅಂತೀರಿ. ಕೊನೆಯ ನಾಲ್ಕರಲ್ಲಿ ಇಪ್ಪತ್ತೊಂದು.

ಇಪ್ಪತ್ತೊಂದು ಏನು ಗೊತ್ತಾ? ಆಗ ಸಾಹೇಬರುಗಳ ಮೇಜಿಗೆ ಹೊಸ ಥರದ ಫೋನ್ ಬಂದಿತ್ತು, ಎತ್ತದೇನೇ ಕಡಿಯೋ ಒಂದು ಕೆಂಪು ಗುಂಡಿ ಇರೋದು. ಇಪ್ಪತ್ತೊಂದು ಅಂದ್ರೆ ಆ ಗುಂಡಿ. ಕೈ ಚಾಚಿ ಯಾರೋ ‘ಬೇಡ’ ಅಂದಿದಾರೆ. ನಾಲ್ಕು ಸಲ.”

ಉದ್ದನ ಕೈ ತನ್ನಷ್ಟಕ್ಕೆ ಜೇಬಿನ ಕಡೆ ಹೋಗಿ, ಅಲ್ಲೇ ನಿಂತಿತು.

“ಕೋಣೆಯಲ್ಲಿ ಜನ ಇದ್ರು. ಗಂಟೆ ಕೇಳ್ತಿತ್ತು. ಏನೋ ಮಾತುಕತೆ ನಡೀತಿತ್ತೇನೋ, ಹುಡುಗೀರು ರಜ ಕೇಳಕ್ಕೆ ಮಾಡ್ತಿದಾರೆ ಅಂದ್ಕೊಂಡ್ನೋ ಏನೋ...

ದೊಡ್ಡ ಸಾಹೇಬರ ಹತ್ತಿರ ಓಡಿದೆ. ಅವರು ಕನ್ನಡಕ ತೆಗೆದು ಒರೆಸ್ಕೊಂಡ್ರು. ‘ಅವರು ಕೇಳಿರೋದೇನು? ಬಿಲ್ ನೋಡಿ ತಿಳಿಸಿ ಅಂತ. ಬಿಲ್ಲಿನಲ್ಲಿ ಇದೆಯಾ?’ ಇಲ್ಲ ಸಾರ್. ‘ಮತ್ತೆ? ಕೇಳಿದ್ದಕ್ಕೆ ಉತ್ತರ ಕೊಡೋದು ನೌಕರಿ ಕಣಯ್ಯ, ಕೇಳದ್ದಕ್ಕೆ ಕೊಡೋದು ಕೊಬ್ಬು.’

ನನಗೆ ಕೊಬ್ಬಿರಲಿಲ್ಲ. ಹೆಂಡತಿ ಇದ್ಲು, ಬಾಡಿಗೆ ಮನೆ ಇತ್ತು. ಕೂತು ಬರೆದೆ... ‘ಕರೆ ಮಾಡಿದ ಬಗ್ಗೆ ಯಾವುದೇ ದಾಖಲೆ ಲಭ್ಯವಿಲ್ಲ.’ ನನ್ನ ಅಕ್ಷರ ಯಾವಾಗಲೂ ದುಂಡಗೆ.

ಅದರ ಮಾರನೇ ದಿನ ಕೌಂಟರಿಗೆ ಒಬ್ಬ ಹೆಂಗಸು ಬಂದ್ಲು. ಬಸ್ ನಿಲ್ದಾಣ ಗುಡಿಸೋಳು, ಪೊರಕೆ ಕೈಯಲ್ಲೇ ಇತ್ತು. ಸತ್ತ ಹುಡುಗೀರಲ್ಲಿ ದೊಡ್ಡವಳ ತಾಯಿ. ‘ಅಣ್ಣಾ, ನನಗೆ ದುಡ್ಡು ಬೇಡ, ಕೇಸು ಬೇಡ. ನನ್ನ ಮಗಳು ಫೋನ್ ಮಾಡಿದ್ಲಾ ಇಲ್ವಾ, ಅಷ್ಟು ಹೇಳು. ಮಲಗಿದ್ಲು ಅಂತಾರಲ್ಲ ಇವರು... ನನ್ನ ಮಗಳು ಮಲಗಿದ್ರೂ ಬಾಯಿ ಮುಚ್ತಿರಲಿಲ್ಲ ಕಣಣ್ಣಾ. ಓಣಿ ತುದಿಯಿಂದ ಅಮ್ಮಾ ಅಮ್ಮಾ ಅಂತ ಕೂಗ್ಕೊಂಡೇ ಬರೋಳು, ನಾನು ಓ ಅನ್ನೋವರೆಗೂ ನಿಲ್ಲಿಸ್ತಿರಲಿಲ್ಲ.’

ಬುಟ್ಟಿ ಅಳಿಸಿಹೋಗೋದಕ್ಕೆ ಇನ್ನೂ ಒಂದು ದಿನ ಇತ್ತು. ನನ್ನ ಹಿಂದೆಯೇ, ಹತ್ತು ಹೆಜ್ಜೆಯಲ್ಲಿ, ಆ ಹನ್ನೊಂದು ಸಾಲು ಇದ್ವು. ನಾನು ಏನಂದೆ? ‘ದಾಖಲೆ ಇಲ್ಲಮ್ಮ.’ ಅವಳು ತಲೆಯಾಡಿಸಿ ಹೋದ್ಲು. ಹೋಗುವಾಗ ನಮ್ಮ ಮೆಟ್ಟಿಲ ಮೇಲೆ ಬಿದ್ದಿದ್ದ ಕಾಗದ ಚೂರನ್ನೂ ಗುಡಿಸ್ಕೊಂಡು ಹೋದ್ಲು, ಅಭ್ಯಾಸ ನೋಡಿ.

ಬುಟ್ಟಿ ಖಾಲಿಯಾಯ್ತು. ಅದರ ಮಾರನೇ ದಿನದಿಂದ ಶುರು.

ಸಂಜೆ ಬುಟ್ಟಿ ನೋಡೋದು ನನ್ನ ಕೆಲಸ. ತೆಗೆದ್ರೆ ಎದುರಿಗೇ ಹನ್ನೊಂದು ಸಾಲು. ಅದೇ ನಂಬರು. ಏಳು ಹತ್ತೊಂಬತ್ತು, ನಾಲ್ಕು ಇಪ್ಪತ್ತೊಂದು. ಕರೆಗಳನ್ನ ಬರೆದಿಡೋ ಹಳೇ ಟೇಪನ್ನ ಯಂತ್ರ ಎರಡನೇ ಸಲ ಓದಿಬಿಟ್ಟಿದೆ ಅಂದ್ಕೊಂಡು ತಾರೀಖಿನ ಕಾಲಂ ನೋಡಿದೆ... ಅವತ್ತಿಂದೇ. ಮಧ್ಯಾಹ್ನ ಎರಡೂ ನಲವತ್ತು. ಸುಟ್ಟು ಕರಕಲಾದ ಕಟ್ಟಡದಿಂದ ಫೋನ್ ಯಾರು ಮಾಡ್ತಾರೆ ಹೇಳಿ?

ಮಾರನೇ ದಿನ ಸ್ವಿಚ್ ರೂಮಿನ ಮೆಕ್ಯಾನಿಕ್ಕನನ್ನ ಕೇಳಿದೆ. ಅವನನ್ನ ನಾವು ‘ಕಿವಿಯಣ್ಣ’ ಅಂತಿದ್ವಿ, ಯಂತ್ರದ ಸದ್ದು ಕೇಳಿಯೇ ಕಾಯಿಲೆ ಹೇಳೋನು. ನಕ್ಕ. ‘ಆ ಲೈನ್ ನಾನೇ ಕಡಿದಿದೀನಿ ಸೊನ್ನೆ ಸಾಹೇಬ್ರೇ, ಬನ್ನಿ ತೋರಿಸ್ತೀನಿ’ ಅಂತ ಕರ್ಕೊಂಡು ಹೋದ. ಗೋಡೆ ತುಂಬ ಸಾವಿರಾರು ಜೋಡಿ ತಂತಿ, ಅದರಲ್ಲಿ ಒಂದು ಜೋಡಿ ಕತ್ತರಿಸಿ ಕೆಂಪು ಚೀಟಿ ಕಟ್ಟಿ ಬಿಟ್ಟಿತ್ತು, ಗಾಳಿಯಲ್ಲಿ ನೇತಾಡ್ತಿತ್ತು. ಅದರ ಆ ಕಡೆ ಏನೂ ಇಲ್ಲ. ಎರಡೂ ನಲವತ್ತಾಗೋವರೆಗೆ ಅಲ್ಲೇ ನಿಂತ್ವಿ. ಕಿವಿಯಣ್ಣ ತಮಾಷೆಗೆ ಆ ತಂತಿ ತುದೀನ ಎರಡು ಬೆರಳಲ್ಲಿ ಹಿಡ್ಕೊಂಡಿದ್ದ... ಹಾ ಅಂತ ಕೈ ಕೊಡವಿದ. ಬೆರಳಲ್ಲಿ ಬೊಬ್ಬೆ ಎದ್ದಿತ್ತು. ಆ ವಾರವೇ ಬೇರೆ ಊರಿಗೆ ವರ್ಗ ಮಾಡಿಸ್ಕೊಂಡು ಹೋದ.

ದಿನಾ ಬರ್ತಿತ್ತು. ದಿನಾ ಮ್ಯಾನೇಜರ್ ಮೇಜಿಗೆ. ಅವನಿಗೂ ಕೇಳಿಸ್ತಿತ್ತೋ ಏನೋ, ಒಂಬತ್ತನೇ ದಿನ ಅವನು ನಂಬರನ್ನೇ ವಾಪಸ್ ಕೊಟ್ಟುಬಿಟ್ಟ. ಉಳ್ಳೋರಿಗೆ ಏನು, ನಂಬರು ಬದಲಾಯಿಸಿದ್ರೆ ಪಾಪ ಕಳೀತು. ಹೋಗಲಿ, ಇನ್ನು ಮುಗೀತು ಅಂದ್ಕೊಂಡೆ. ಹತ್ತನೇ ದಿನ ಎರಡೂ ನಲವತ್ತಕ್ಕೆ ನನ್ನ ಮೇಜಿನ ಫೋನ್ ಹೊಡೀತು. ಟೆಲಿಫೋನ್ ಆಫೀಸಲ್ವಾ, ನನಗೂ ಆ ಕೆಂಪು ಗುಂಡಿ ಫೋನೇ ಕೊಟ್ಟಿದ್ರು.

ನಾನು ಎತ್ತಲಿಲ್ಲ. ಯಾಕೆ ಎತ್ತಲಿ? ನಿಂತಿತು. ಮತ್ತೆ ಹೊಡೀತು. ಸುತ್ತಲಿನೋರು ‘ಏನ್ರೀ, ಕಿವುಡಾ?’ ಅಂತ ಕೂಗಿದ್ರು. ಏಳು ಸಲ ಸಹಿಸ್ಕೊಂಡೆ. ಎಂಟನೇ ಸಲ ತಡೆಯೋಕಾಗಲಿಲ್ಲ, ಕೆಂಪು ಗುಂಡಿ ಒತ್ತಿದೆ. ಆಮೇಲೆ ಮತ್ತೆ ಮೂರು ಸಲ ಒತ್ತಿದೆ. ಸಂಜೆ ಬುಟ್ಟಿ ತೆಗೆದೆ. ಎರಡನೇ ಕಾಲಮ್ಮಿನಲ್ಲಿ ನನ್ನ ನಂಬರು. ಏಳು ಹತ್ತೊಂಬತ್ತು... ನಾಲ್ಕು ಇಪ್ಪತ್ತೊಂದು.

ಅರ್ಥ ಆಯ್ತಾ? ಆ ಮ್ಯಾನೇಜರಿಗೂ ನನಗೂ ಒಂದು ಅಂಕಿಯ ವ್ಯತ್ಯಾಸವೂ ಇರಲಿಲ್ಲ. ಯಾರೂ ಹೇಳಿಕೊಡದೇನೇ, ಅವನು ಮಾಡಿದ್ದನ್ನೇ ಲೆಕ್ಕ ತಪ್ಪದೆ ಮಾಡಿದ್ದೆ.

ಅವತ್ತು ಮನೇಲಿ ಊಟಕ್ಕೆ ಕೂತು ಗೋಡೆ ನೋಡ್ತಿದ್ದೆ. ಹೆಂಡತಿ ‘ನಿಮಗೆ ಬಡಿಸಲೋ, ಗೋಡೆಗೆ ಬಡಿಸಲೋ?’ ಅಂದ್ಲು. ತಟ್ಟೆ ಹಾಗೇ ಬಿಟ್ಟು ಎದ್ದೆ.

ಮಾರನೇ ದಿನ ಏಳು ಸಲ ಹೊಡೀತು. ಕೈ ಅಲ್ಲಾಡಲಿಲ್ಲ. ಎಂಟನೇ ಸಲ... ಎತ್ತಿದೆ.

ಏನು ಕೇಳ್ತು ಅಂತೀರಾ? ಅಳು ಅಲ್ಲ, ಕಿರುಚಾಟ ಅಲ್ಲ. ಮೊದಲು ಕೆಮ್ಮು. ದೂರದಲ್ಲಿ ಬಾಗಿಲು ಗುದ್ದೋ ಸದ್ದು. ಆಮೇಲೆ ತೀರ ಹತ್ತಿರದಲ್ಲಿ ಒಂದು ಹುಡುಗಿ ದನಿ. ನನಗಲ್ಲ, ಹಿಂದೆ ತಿರುಗಿ ಜೊತೆಯೋರಿಗೆ ಹೇಳ್ತಿದ್ಲು... ‘ಎತ್ತಿದ್ರು ಕಣೇ! ಎತ್ತಿದ್ರು!’

ಆ ಸಂತೋಷ ಇದೆಯಲ್ಲ... ಅಂಥ ಸಂತೋಷ ನಾನು ಮದುವೆ ಮನೇಲೂ ಕೇಳಿಲ್ಲ. ಬಾಗಿಲು ಗುದ್ದೋದು ನಿಂತಿತು. ಮೂರೂ ಜನ ಫೋನಿನ ಹತ್ತಿರ ಬಂದ್ರು, ಉಸಿರು ಕೇಳ್ತಿತ್ತು. ‘ಸಾರ್... ಬಾಗಿಲು,’ ಅಂದ್ಲು. ಅಷ್ಟೇ. ಆಮೇಲೆ ಸುಮ್ಮನಾದ್ರು. ಕಾಯ್ತಿದ್ರು. ನಾನು ಬಾಗಿಲು ತೆಗೆಸ್ತೀನಿ ಅಂತ ಕಾಯ್ತಿದ್ರು!

ಇಟ್ಟೆ. ಮತ್ತೆ ಎತ್ತಿ ನೋಡಿದೆ... ಅಲ್ಲೇ ಇದ್ರು. ತಂತಿ ಗೋಡೆಯಿಂದ ಕಿತ್ತು ಕಿವಿಗಿಟ್ಟೆ. ಅಲ್ಲೇ ಇದ್ರು.

ಸಂಜೆ ಸಾಲು ನೋಡಿದೆ. ಮೊಟ್ಟಮೊದಲ ಸಲ ‘ಎತ್ತಿದ್ದು’ ಕಾಲಂ ತುಂಬಿತ್ತು. ‘ಇಟ್ಟದ್ದು’ ಕಾಲಂ ಖಾಲಿ. ಇನ್ನೆರಡು ಕಾಲಂ ನಿಮಗೆ ಹೇಳಿರಲಿಲ್ಲ, ಈಗ ಹೇಳ್ತೀನಿ. ಕರೆ ತುಂಬ ಹೊತ್ತು ನಡೆದ್ರೆ ಯಂತ್ರ ಅರ್ಧರ್ಧ ಗಂಟೆಗೆ ಒಂದು ಸಾಲು ತುಂಡು ಮಾಡಿ ಬರೀತದೆ. ಅದಕ್ಕೊಂದು ಕಾಲಂ, ಮೊದಲ ತುಂಡಾ, ನಡುವಿಂದಾ, ಕೊನೇದಾ ಅಂತ. ಇನ್ನೊಂದು, ಕರೆಯಲ್ಲಿ ಎಷ್ಟು ಜನ ಸೇರಿದಾರೆ ಅಂತ. ಮೊದಲ ತುಂಡು ಬಂದಿತ್ತು. ಎಷ್ಟು ಜನ? ಎರಡು. ಆ ಲೈನಿನೋರು ಒಂದು, ನಾನು ಒಂದು. ಅರ್ಧ ಗಂಟೆಗೆ ‘ನಡುವಿನದು’. ಮತ್ತರ್ಧ ಗಂಟೆಗೆ ‘ನಡುವಿನದು’. ಬೆಳಿಗ್ಗೆ ಬಂದು ನೋಡಿದ್ರೂ ನಡುವಿನದೇ. ಕರೆ ಮುಗಿದಿರಲಿಲ್ಲ.

ಆಗ ಓಡಿದೆ ನೋಡಿ, ಈ ಕೊಬ್ಬಿಲ್ಲದೋನು. ಆ ಕಾಗದಗಳನ್ನೆಲ್ಲ ಎದೆಗವಚಿಕೊಂಡು ವಿಚಾರಣೆ ಸಾಹೇಬರ ಕಚೇರಿಗೆ ಹೋದೆ. ಹುಡುಗೀರು ಹನ್ನೊಂದು ಸಲ ಮಾಡಿದ್ರು ಸಾರ್, ನಾಲ್ಕು ಸಲ ಕಡಿದಿದಾರೆ, ನಾನು ಬರೆದದ್ದು ಸುಳ್ಳು ಅಂದೆ. ಅವರು ತಾರೀಖಿನ ಕಾಲಂ ನೋಡಿದ್ರು. ‘ಇದು ಮೊನ್ನೇದು. ಹುಡುಗೀರು ಸತ್ತು ತಿಂಗಳಾಯ್ತು. ಸತ್ತ ಮೇಲೆ ಮಾಡಿದ ಫೋನನ್ನ ಯಾವ ಕಾನೂನಿನಲ್ಲಿ ಸೇರಿಸ್ಲಿ?’ ಅಂದ್ರು. ಸತ್ತ ದಿನ ಮಾಡಿದ್ದನ್ನ ನಾನೇ ಅಳಿಸಿದ್ದೆನಲ್ಲ. ವಾರದೊಳಗೆ ನನ್ನನ್ನ ಬಿಲ್ಲಿಂಗಿನಿಂದ ಎತ್ತಿ ಕಾಗದ, ಪೆನ್ಸಿಲು ಕೊಡೋ ಉಗ್ರಾಣಕ್ಕೆ ಹಾಕಿದ್ರು. ಅಂಟು ಹಚ್ಚಿದ ಲಕೋಟೆ ಎಣಿಸೋ ಕೆಲಸ.

ಬಸ್ ನಿಲ್ದಾಣಕ್ಕೆ ಹೋದೆ. ಅವಳು ಗುಡಿಸ್ತಿದ್ಲು. ಪಕ್ಕದಲ್ಲಿ ನಿಂತು ಎಲ್ಲ ಹೇಳಿದೆ, ಒಂದು ಅಂಕಿ ಬಿಡದೆ. ಅವಳು ಗುಡಿಸೋದು ನಿಲ್ಲಿಸಲಿಲ್ಲ. ಕೊನೆಗೆ, ‘ಹನ್ನೊಂದು ಸಲ,’ ಅಂದ್ಲು. ‘ನನಗೆ ಗೊತ್ತಿತ್ತು. ಅವಳು ಬಿಡೋಳಲ್ಲ.’ ಆಮೇಲೆ ನನ್ನ ಮುಖ ನೋಡಿದ್ಲು. ‘ಅವತ್ತು ಕೌಂಟರಲ್ಲಿ ನೀನೂ ಕಡಿದೆ, ಅಲ್ವಾ?’ ಹೌದಮ್ಮ. ‘ಈಗ? ಫೋನ್ ಇಟ್ಟುಬಿಟ್ಟೆಯಾ?’ ಇಡಕ್ಕಾಗ್ತಿಲ್ಲಮ್ಮ. ‘ಇಡಬೇಡ,’ ಅಂದ್ಲು. ಬೈಗುಳ ಅಲ್ಲ, ಬೇಡಿಕೆ ಅಲ್ಲ. ಒಬ್ಬ ಕೂಲಿಯವಳು ಇನ್ನೊಬ್ಬ ಕೂಲಿಯವನಿಗೆ ಹೊರೆ ಹಿಡ್ಕೋ ಅಂತಾಳಲ್ಲ, ಹಾಗೆ.

ಮಾರನೇ ದಿನ ಬಿಲ್ಲಿಂಗಿನ ಗೆಳೆಯ ಗುಟ್ಟಾಗಿ ಸಾಲು ತಂದು ತೋರಿಸಿದ. ಎಷ್ಟು ಜನ ಅನ್ನೋ ಕಡೆ, ಮೂರು. ವಿಚಾರಣೆ ಸಾಹೇಬ್ರು ಕೇಳಿ ಕಡಿದಿದ್ರು, ಅವಳು ಎತ್ತಿದ್ಲು.

ಕೊನೆಗೆ ಹೆಂಡತಿಗೂ ಹೇಳಿದೆ. ನಾಲ್ಕಾಯ್ತು. ಅವತ್ತಿನಿಂದ ಪಾಪ, ದಿನಾ ಎರಡೂ ನಲವತ್ತಕ್ಕೆ ‘ಎಲ್ಲೋ ಅಂಟು ಬೇಯಿಸ್ತಿದಾರೆ ಕಣ್ರೀ, ವಾಸನೆ’ ಅಂತ ಕಿಟಕಿ ಮುಚ್ಚೋಳು. ತೀರಿಹೋಗೋವರೆಗೂ ಮುಚ್ಚಿದ್ಲು. ಆ ತಾಯಿಯೂ ಹೋದ್ಲು. ಲೆಕ್ಕ ಮಾತ್ರ ಇಳೀಲಿಲ್ಲ, ನಾಲ್ಕೇ. ಸೇರಿದೋರು ಸೇರಿದೋರೇ. ಆಮೇಲೆ ನಾನು ಹೆದರಿಬಿಟ್ಟೆ. ಯಾರಿಗೂ ಹೇಳಲಿಲ್ಲ. ಮೂವತ್ತು ವರ್ಷ ಬಾಯಿ ಹೊಲ್ಕೊಂಡಿದ್ದೆ.

ಆ ಹಳೇ ಯಂತ್ರ ಗುಜರಿಗೆ ಹೋಯ್ತು. ಹೊಸದು ಬಂತು, ಅದಾದ ಮೇಲೆ ಇನ್ನೂ ಹೊಸದು. ಈಗ ನಿಮ್ಮೆಲ್ಲರ ಜೇಬಿನಲ್ಲೂ ಫೋನು. ಆದ್ರೆ ಪ್ರೋಗ್ರಾಂ ಬದಲಾದಾಗೆಲ್ಲ ಹಳೇ ನಿಯಮಗಳನ್ನ ಹಾಗೇ ಎತ್ತಿ ಹೊಸದಕ್ಕೆ ಹಾಕ್ತಾರೆ, ಯಾರೂ ಓದೋದಿಲ್ಲ. ನಾನು ಬರೆದದ್ದು ಇನ್ನೂ ಅಲ್ಲೇ ಇದೆ. ಸೊನ್ನೆ ಸೆಕೆಂಡಾದ್ರೆ ಬಿಸಾಕು. ಆ ಬಣ್ಣದ ಗೋದಾಮಿನ ಹಮಾಲರು ಎಷ್ಟು ಸಲ ಮಾಡಿದ್ರು ಮೇಷ್ಟ್ರೇ? ಲಭ್ಯವಿಲ್ಲ. ಲಭ್ಯ ಇರದ ಹಾಗೆ ಮಾಡಿದೋನು ನಿಮ್ಮೆದುರು ಕೂತಿದಾನೆ.”

ಅವರು ಜೇಬಿನಿಂದ ಲಕೋಟೆ ತೆಗೆದರು.

“ನಾನು ಮನೆ ಫೋನ್ ವಾಪಸ್ ಕೊಟ್ಟು ಎಂಟು ವರ್ಷ ಆಯ್ತು. ಬಿಲ್ಲು ಮಾತ್ರ ತಿಂಗಳಾ ಬರ್ತದೆ. ಕಟ್ಟಬೇಕಾದ್ದು ಏನೂ ಇಲ್ಲ. ಒಂದೇ ಸಾಲು... ನಡುವಿನದು. ಎಷ್ಟು ಜನ ಅಂದ್ರೆ, ನಾಲ್ಕು. ತಿಂಗಳಾ ನಾಲ್ಕು. ಇವತ್ತು ಬೆಳಿಗ್ಗೆ ಬಂದದ್ದು ಇದು, ಓದಿ ನರ್ಸಮ್ಮ.”

ನರ್ಸಕ್ಕ ಕಾಗದವನ್ನು ದೀಪದ ಕೆಳಗೆ ಹಿಡಿದಳು. “ಒಂಬತ್ತು,” ಎಂದಳು.

“ಒಂಬತ್ತು. ನನಗೂ ಅರ್ಥವಾಗಲಿಲ್ಲ. ನಾನು ಯಾರಿಗೂ ಹೇಳಿಲ್ಲವಲ್ಲ, ಎಲ್ಲಿಂದ ಬಂದ್ರು ಐದು ಜನ ಅಂತ. ಇಂಥ ಮಳೇಲಿ ಇವತ್ತು ಕೂಟಕ್ಕೆ ಬರೋದೇ ಬೇಡ ಅಂದ್ಕೊಂಡಿದ್ದೆ. ಕಾಲು ಕರ್ಕೊಂಡು ಬಂತು. ಮೆಟ್ಟಿಲು ಹತ್ತಿ ಬಾಗಿಲ ಹತ್ತಿರ ಚಪ್ಪಲಿ ಬಿಡುವಾಗ ಸುಮ್ಮನೆ ಎಣಿಸಿದೆ... ಅಲ್ಲಿ ಐದು ಜೊತೆ ಚಪ್ಪಲಿ ಇದ್ವು. ಆಗಲೂ ಹೇಳಬಾರದು ಅಂತಲೇ ಬಾಯಿ ಬಿಗಿದು ಕೂತೆ. ಆದ್ರೆ ಮೇಷ್ಟ್ರು ಆ ಸಾಲು ಓದಿಬಿಟ್ರಲ್ಲ.”

ಟೈಲರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿಯ ಕಡೆ ನೋಡಿದಳು. 

“ಕಿಟಕಿ ಮುಚ್ಚಬೇಡಮ್ಮ, ಅದು ಹೊರಗಿನ ವಾಸನೆ ಅಲ್ಲ. ಉದ್ದಾ, ಗಂಟೆ ಎಷ್ಟಪ್ಪ?”

ಉದ್ದ ಮೊಬೈಲು ನೋಡಿದ. ಅದರ ಪರದೆಯನ್ನು ಅಜ್ಜನ ಕಡೆ ತಿರುಗಿಸಿ ಹಿಡಿದ.

“ಇರಲಿ ಬಿಡು, ಹೇಳಬೇಡ. ನಾನು ಇಷ್ಟು ವರ್ಷ ನನ್ನ ಪಾಪಕ್ಕೆ ನಿಮ್ಮನ್ನ ಯಾಕೆ ಕಟ್ಟಲಿ ಅಂತ ಸುಮ್ಮನಿದ್ದೆ. ತಪ್ಪು ಮಾಡಿದೆ. ಒಬ್ಬನ ಕೈಲಿ ಆ ಬೀಗ ಮುರಿಯೋಕಾಗಲ್ಲ ಅಂತ ಆ ಹುಡುಗೀರಿಗೆ ನನಗಿಂತ ಮೊದಲೇ ಗೊತ್ತಾಗಿದೆ... ಕೊನೇ ತುಂಡು ಇನ್ನೂ ಬಂದಿಲ್ಲ ಮಕ್ಕಳಾ. ಇಡಬೇಡಿ.”

ಬಿಲ್ಲಜ್ಜ ತಲೆ ಓರೆ ಮಾಡಿ, ಮಳೆಯ ಸದ್ದಿನ ಹಿಂದೆ ಏನನ್ನೋ ಆಲಿಸಿದರು. ಅವರ ಮುಖದ ಮೇಲೆ ನಗುವಿನಂಥದೊಂದು ಬಂತು.

“ಕೇಳಿಸ್ತಾ? ಈಗಷ್ಟೇ ಹಿಂದೆ ತಿರುಗಿ ಹೇಳಿದ್ಲು... ‘ಇನ್ನೂ ಐದು ಜನ ಎತ್ತಿದ್ರು ಕಣೇ.’”